ಲೆಕ್ಕಕ್ಕೆ ಬಾರದ ಬಾಬತ್ತು

ಓದುಬರಹ ಬಲ್ಲ ಗೃಹಸ್ಥರ ಮನೆಗಳಲ್ಲಿ ಲೆಕ್ಕದ ಪುಸ್ತಕವೊಂದು ಇದ್ದೇ ಇರುತ್ತದೆ. ಕೆಲವರದು ಕೆಂಪು ಬಟ್ಟೆಯ ಉದ್ದನೆಯ ಖಾತೆ; ಕೆಲವರದು ಮಕ್ಕಳ ಹಳೆಯ ನೋಟುಬುಕ್ಕಿನಲ್ಲಿ ಉಳಿದ ಹಾಳೆಗಳು; ಈಚೆಗೆ ಕೆಲವರದು ಫೋನಿನೊಳಗಿನ ಕೋಷ್ಟಕ. ರೂಪ ಯಾವುದಾದರೂ ಬಾಬತ್ತುಗಳು ಹೆಚ್ಚು ಕಡಮೆ ಒಂದೇ: ಹಾಲು, ದಿನಸಿ, ವಿದ್ಯುತ್ತು, ಮಕ್ಕಳ ಫೀಜು, ಮದುವೆ ಮುಂಜಿಗಳ ಉಡುಗೊರೆ, ದೇವರ ಕಾರ್ಯ, ಔಷಧ. ಈ ಕಡೆಯ ಬಾಬತ್ತನ್ನು ಬಿಡಿಸಿ ನೋಡಿದರೆ ಒಂದು ವಿಚಿತ್ರ ಕಂಡುಬರುತ್ತದೆ. ಯಜಮಾನರ ರಕ್ತದೊತ್ತಡದ ಮಾತ್ರೆ ಉಂಟು, ಅವರ ಕನ್ನಡಕ ಉಂಟು, ಮಗನ ಹಲ್ಲಿಗೆ ಕಟ್ಟಿಸಿದ ತಂತಿ ಉಂಟು, ಅಜ್ಜನ ಕಿವಿಯ ಯಂತ್ರ ಉಂಟು. ಮನೆಯ ಹೆಂಗಸಿನ ಹೆಸರು ಹೆರಿಗೆಯ ವರ್ಷಗಳಲ್ಲಿ ಕಾಣಿಸಿಕೊಂಡು, ಬಳಿಕ ಇಪ್ಪತ್ತು ಮೂವತ್ತು ವರ್ಷ ಮರೆಯಾಗಿ, "ದೊಡ್ಡ ಆಪರೇಷನ್" ಎಂಬ ಬರಹದ ಮುಂದೆ ಇನ್ನೊಮ್ಮೆ ಕಾಣಿಸಿಕೊಳ್ಳುತ್ತದೆ. ನಡುವಣ ಕಾಲದಲ್ಲಿ ಆಕೆಗೆ ಮೈಯೇ ಇರಲಿಲ್ಲವೋ ಎನ್ನಬೇಕು.

ಆ ನಡುವಣ ಕಾಲದ ಒಂದು ಬಾಧೆಯೇ ಇಲ್ಲಿಯ ವಿಷಯ. ಇಂಥದನ್ನು ಗೌರವಸ್ಥರ ಪತ್ರಿಕೆಯಲ್ಲಿ ಎತ್ತಬಹುದೇ ಎಂದು ಹುಬ್ಬು ಗಂಟಿಕ್ಕುವವರು ಇರಬಹುದು. ಆದರೆ ಸಕ್ಕರೆ ಕಾಯಿಲೆಯನ್ನು ಊಟದ ಪಂಕ್ತಿಯಲ್ಲಿ ಕುಳಿತೇ ಚರ್ಚಿಸುವ ಸಮಾಜ, ಮೂಲವ್ಯಾಧಿಯ ಪಥ್ಯವನ್ನು ಬಸ್ಸಿನಲ್ಲಿ ಅಪರಿಚಿತರಿಗೂ ಹೇಳಿಕೊಡುವ ಸಮಾಜ, ಇದೊಂದಕ್ಕೆ ಮಾತ್ರ ಏತಕ್ಕೆ ನಾಚಬೇಕೋ ತಿಳಿಯದು.

ಕಟಿಯ ಎಲುಬುಗಳ ನಡುವೆ ತೂಗುಬಟ್ಟೆಯ ತೊಟ್ಟಿಲಿನಂತೆ ಕೆಲವು ಸ್ನಾಯುಗಳು ಹರಡಿಕೊಂಡಿವೆ. ಮೂತ್ರಕೋಶ, ಗರ್ಭಕೋಶ, ಗುದನಾಳ ಇವು ಮೂರಕ್ಕೂ ಆ ಬಟ್ಟೆಯೇ ತಳ. ವೈದ್ಯರು ಇದನ್ನು ಶ್ರೋಣಿಯ ತಳವೆನ್ನುತ್ತಾರೆ. ಹೆರಿಗೆಯಲ್ಲಿ ಈ ಬಟ್ಟೆ ಹಿಗ್ಗುತ್ತದೆ. ಕೆಲವು ವೇಳೆ ಹರಿಯುತ್ತದೆ. ಬಾಣಂತನ ತೀರುವುದರೊಳಗೆ ಕೊಡ ಹೊತ್ತರೆ, ಮೂಟೆ ಎತ್ತಿದರೆ, ತೀರದ ಕೆಮ್ಮು ಅಥವಾ ಮಲಬದ್ಧತೆ ಜೊತೆಗೂಡಿದರೆ, ಕೊನೆಗೆ ಮುಟ್ಟು ನಿಂತು ಮೈಯ ಕಸುವು ಇಳಿದರೆ, ಬಟ್ಟೆ ಇನ್ನಷ್ಟು ಜೋಲುತ್ತದೆ. ಆಗ ಕೆಮ್ಮಿದರೆ ಸೀನಿದರೆ ಮೂತ್ರ ಸೋರುವುದು. ಸಂಜೆಯ ವೇಳೆಗೆ ಕೆಳಗೆ ಏನೋ ಭಾರ ಇಳಿದಂತಾಗುವುದು. ಹೆಚ್ಚಿದಾಗ ಗರ್ಭಕೋಶವೇ ಜಾರಿ ಹೊರಗೆ ಕೈಗೆ ಸಿಕ್ಕುವುದು. ಹಿಂದಿನವರು ಇದನ್ನು ಅರಿಯದವರೇನಲ್ಲ. ಆಯುರ್ವೇದದ ಸಂಹಿತೆಗಳು ಇಪ್ಪತ್ತು ಬಗೆಯ ಯೋನಿವ್ಯಾಪತ್ತುಗಳನ್ನು ಎಣಿಸಿವೆ. ಸುಶ್ರುತನು ಜಾರುವಿಕೆಗೆ ಪ್ರಸ್ರಂಸಿನೀ ಎಂಬ ಹೆಸರನ್ನೇ ಕೊಟ್ಟಿದ್ದಾನೆ. ಮೂರು ತಿಂಗಳು, ಐದು ತಿಂಗಳು ತವರಿನಲ್ಲಿ ಹೊಟ್ಟೆ ಕಟ್ಟಿ ಮಲಗಿಸುತ್ತಿದ್ದ ಬಾಣಂತನದಲ್ಲಿಯೂ, ಕಟ್ಟುಪಾಡುಗಳ ಕಿರುಕುಳವನ್ನು ಕಳೆದರೆ, ಭಾರ ಎತ್ತಿಸಬಾರದೆಂಬ ವಿವೇಕ ಉಳಿಯುತ್ತದೆ. ಆ ವಿವೇಕ ದೊರೆತದ್ದು ತವರುಳ್ಳವರಿಗೆ, ಮನೆಯಲ್ಲಿ ಇನ್ನೊಬ್ಬ ಕೆಲಸದವಳು ಇದ್ದವರಿಗೆ.

ಈ ಬಾಧೆ ಎಷ್ಟು ಮಂದಿಗೆ ಉಂಟೆಂದು ಯಾರೂ ಕೇಳದಿದ್ದ ಕಾಲದಲ್ಲಿ, ರಾಣಿ ಬಂಗ್ ಮತ್ತು ಅಭಯ ಬಂಗ್ ಎಂಬ ವೈದ್ಯ ದಂಪತಿಗಳು ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿ, 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ನೂರಕ್ಕೆ 92 ಮಂದಿಗೆ ಯಾವುದಾದರೊಂದು ಸ್ತ್ರೀರೋಗವಿತ್ತು. ಅದಕ್ಕೆ ಮುಂಚೆ ಎಂದಾದರೂ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ 8. ಈ ಎರಡು ಅಂಕಿಗಳಲ್ಲಿ ಎರಡನೆಯದೇ ಹೆಚ್ಚು ಭಯಂಕರವಾದದ್ದು.

ಅರಸೀಕೆರೆಯಲ್ಲಿ ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ಅಂಥವು ಆ ಊರಿನಲ್ಲಿ ಒಂದಲ್ಲ ಹತ್ತು ಸಿಕ್ಕಾವು. ಸ್ಟೇಷನ್ನಿನ ರೈಲುಗಳ ಸದ್ದು ಕೇಳುವಷ್ಟು ಹತ್ತಿರ, ಹಿಂದೆ ಎರಡು ಎಕರೆ ತೆಂಗಿನ ತೋಟ, ಅಟ್ಟದ ಮೇಲೆ ಕೊಬ್ಬರಿಗಾಗಿ ಕೂಡಿಹಾಕಿದ ಕಾಯಿ. ಯಜಮಾನರು ಬೆಂಗಳೂರಿನ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತೈದು ವರ್ಷ ದುಡಿದು, ವಿಶ್ರಾಂತರಾಗಿ ಊರಿಗೆ ಬಂದವರು. ಆಕೆಗೆ ಅರವತ್ತೆರಡು, ಮೂರು ಹೆತ್ತು ಇಬ್ಬರನ್ನು ಉಳಿಸಿಕೊಂಡವರು. ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿ. ಮನೆಯ ಖಾತೆ ಯಜಮಾನರದು. ಆದರೆ ಆ ಖಾತೆಗೆ ಹತ್ತದ ಇನ್ನೊಂದು ಬೊಕ್ಕಸ ಅಡಿಗೆಮನೆಯ ಮೇಲಿನ ಹಲಗೆಯಲ್ಲಿದೆ: ಸಾಸಿವೆಯ ಡಬ್ಬಿ. ತೆಂಗಿನ ಚಿಪ್ಪು, ಮಟ್ಟೆ, ಪೊರಕೆಕಡ್ಡಿ ಮಾರಿ ಬಂದ ಚಿಲ್ಲರೆ, ಅಣ್ಣಂದಿರು ಗೌರಿಹಬ್ಬಕ್ಕೆ ಕೊಟ್ಟ ಬಾಗಿನದ ಹಣ, ತರಕಾರಿಯ ಲೆಕ್ಕದಲ್ಲಿ ಮಿಕ್ಕಿಸಿದ ಐದು ಹತ್ತು ರೂಪಾಯಿ, ಎಲ್ಲವೂ ಅಲ್ಲಿ. ಧರ್ಮಶಾಸ್ತ್ರದವರು ಸ್ತ್ರೀಧನವೆಂದು ಹೆಸರಿಟ್ಟು ಗಂಡನ ಸಾಲಗಾರರಿಗೂ ಎಟುಕದಂತೆ ಕಾಯಬಯಸಿದ್ದು ಇಂಥ ಹಣವನ್ನೇ ಇರಬೇಕು. ಸರ್ಕಾರದ ತೆರಿಗೆಗೆ ಮೊದಲು, ಗಂಡನ ಲೆಕ್ಕಕ್ಕೂ ಮೊದಲು ಎತ್ತಿಟ್ಟ ಹಣ ಅದು. ಆ ಡಬ್ಬಿಯಿಂದ ಮಗನ ಪರೀಕ್ಷೆಯ ಶುಲ್ಕ ಹೋಗಿತ್ತು, ಮಗಳ ಸೀಮಂತದ ಬಳೆ ಹೋಗಿತ್ತು, ಒಂದು ಸಾರಿ ಯಜಮಾನರ ಎಲ್‌ಐಸಿ ಕಂತೂ ಹೋಗಿತ್ತು. ತನ್ನ ಮೈಗೆಂದು ಆಕೆ ಅದರಿಂದ ತೆಗೆದದ್ದು ತಲೆನೋವಿನ ಮುಲಾಮು ಒಂದೇ.

ಹನ್ನೊಂದು ವರ್ಷಗಳಿಂದ ಆಕೆಗೆ ಜಾರಿಕೆ ಇತ್ತು. ಯಾರಿಗೂ ತಿಳಿದಿರಲಿಲ್ಲ. ಹಳೆಯ ಪತ್ತಲವನ್ನು ಹರಿದು ಮಡಿಕೆ ಮಾಡಿ ಕಟ್ಟಿಕೊಳ್ಳುತ್ತಿದ್ದರು. ದೇವಸ್ಥಾನದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ದಿನ ಉಪವಾಸದ ನೆಪದಿಂದ ನೀರು ಕುಡಿಯುತ್ತಿರಲಿಲ್ಲ. ನೆಂಟರ ಮದುವೆಗಳಿಗೆ ಹೋಗುವುದನ್ನು ಒಂದೊಂದಾಗಿ ಬಿಟ್ಟರು. "ಈಚೆಗೆ ಅವರಿಗೆ ವೈರಾಗ್ಯ ಹೆಚ್ಚು" ಎಂದು ಬಂಧುಗಳು ಮೆಚ್ಚಿಕೊಂಡರು. ಹೆಂಗಸರ ವೈರಾಗ್ಯದಲ್ಲಿ ಎಷ್ಟು ಪಾಲು ಇಂಥದೆಂದು ಲೆಕ್ಕ ಹಾಕಿದವರಿಲ್ಲ.

ಮಗಳು ರಜೆಗೆ ಬಂದಾಗ ಹಳೇಬೀಡು ಬೇಲೂರುಗಳ ಪ್ರವಾಸ ಏರ್ಪಟ್ಟಿತು. 2023ರಲ್ಲಿ ಹೊಯ್ಸಳರ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಮಕ್ಕಳಿಗೆ ತೋರಿಸಬೇಕೆಂಬ ಹಂಬಲ ಅವಳಿಗೆ ಹೆಚ್ಚಾಗಿತ್ತು. ಬಾಣಾವರ, ಜಾವಗಲ್ಲುಗಳ ಮೇಲೆ ಕಾರು ಕುಲುಕಿಕೊಂಡು ಹೋಯಿತು. ಹಳೇಬೀಡಿನಲ್ಲಿ ತಾಯಿ ಹೇಗೋ ಒಂದು ಸುತ್ತು ಬಂದರು. ಅಲ್ಲಿಂದ ಬೇಲೂರು ಹದಿನಾರು ಕಿಲೋಮೀಟರು. ಮುಟ್ಟುವ ವೇಳೆಗೆ ಬಿಸಿಲೇರಿತ್ತು. ಗೋಪುರದ ಒಳಗೆ ಕಾಲಿಟ್ಟವರೇ ಆಕೆ ನೆರಳಿನ ಕಟ್ಟೆಯ ಮೇಲೆ ಕುಳಿತುಬಿಟ್ಟರು.

ಚೆನ್ನಕೇಶವನ ಗುಡಿಯ ಮದನಿಕೆಯರನ್ನು ಕುರಿತು ಬರೆದವರಿಗೆ ಲೆಕ್ಕವಿಲ್ಲ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಈ ಗುಡಿಯಲ್ಲಿ ಹೊರಗೂ ಒಳಗೂ ಸೇರಿ ನಲವತ್ತೆರಡು ವಿಗ್ರಹಗಳು. ಒಬ್ಬಳು ಕನ್ನಡಿ ನೋಡುತ್ತಾಳೆ. ಒಬ್ಬಳು ಸೆರಗೆಳೆಯುವ ಕೋತಿಯನ್ನು ಗದರುತ್ತಾಳೆ. ಒಬ್ಬಳು ಉಡುಗೆಯಲ್ಲಿ ಸೇರಿದ್ದ ಚೇಳನ್ನು ಕೊಡವಿ ನಿಂತಿದ್ದಾಳೆ. ಹೆಣ್ಣಿನ ನಡು, ತೊಡೆ, ಬೆರಳುಗಳನ್ನು ಇಷ್ಟು ಬಿಚ್ಚುಗಣ್ಣಿನಿಂದ ನೋಡಿ ಕೆತ್ತಿದ ಜನರ ನಾಡಿನಲ್ಲಿ, ಒಂಬೈನೂರು ವರ್ಷಗಳ ಮೇಲೆ ಅದೇ ಅಂಗಳದ ಕಟ್ಟೆಯಲ್ಲಿ ಕುಳಿತ ಒಬ್ಬ ತಾಯಿಗೆ ತನ್ನ ನಡುವಿನ ಕೆಳಗಿನ ನೋವನ್ನು ಹೇಳಲು ಮಾತಿರಲಿಲ್ಲ. ಕಲ್ಲಿನ ಮೈಗೆ ಮಾತ್ರ ಮರ್ಯಾದೆಯ ಭಯವಿಲ್ಲ.

"ಯಾಕಮ್ಮಾ ಕೂತುಬಿಟ್ಟೆ? ತಲೆ ಸುತ್ತುತ್ತಾ?"

"ಏನಿಲ್ಲ ಕಣೆ. ನೀವೆಲ್ಲ ನೋಡ್ಕೊಂಡು ಬನ್ನಿ. ನಾನು ಎಷ್ಟು ಸಾರಿ ನೋಡಿಲ್ಲ."

"ಹಳೇಬೀಡಿನಲ್ಲೂ ಕಾಲು ಎಳೆದು ಎಳೆದು ನಡೆದೆ. ಮಂಡಿಯೇ?"

"ಮಂಡಿ ಅಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನಗೆ ಎರಡನೆಯದು ಹುಟ್ಟಿದ ಮೇಲೆ ಏನೋ ತೊಂದರೆ ಆಗಿತ್ತು ಅಂತ ಫೋನಿನಲ್ಲಿ ಅಂದಿದ್ದೆಯಲ್ಲ, ಅಂಥದೇ. ನನಗೆ ಇನ್ನೂ ಜಾಸ್ತಿ" ಎಂದರು.

ಮಗಳು ಪ್ರದಕ್ಷಿಣೆ ಹೋಗಲಿಲ್ಲ. ಮಕ್ಕಳನ್ನು ತಾತನ ಜೊತೆ ಕಳುಹಿಸಿ ತಾಯಿಯ ಪಕ್ಕದಲ್ಲಿ ಕುಳಿತಳು. ಹನ್ನೊಂದು ವರ್ಷದ ಮಾತು ಅರ್ಧ ಗಂಟೆಯಲ್ಲಿ ಆಯಿತು.

ಮರುವಾರ ಹಾಸನದ ಒಬ್ಬ ವೈದ್ಯೆಯ ಬಳಿಗೆ ಹೋದರು. ಹಾಸನಕ್ಕೆ ಹೆಂಗಸರ ಆಸ್ಪತ್ರೆ ಹೊಸದೇನಲ್ಲ. ವೆಸ್ಲಿಯನ್ ಮಿಷನ್ನಿನವರು ಕಟ್ಟಿದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಗೆ ಸುತ್ತಣ ಊರುಗಳಿಂದ ಎತ್ತಿನ ಗಾಡಿಯಲ್ಲಿ ಬಸುರಿಯರನ್ನು ಕರೆತರುತ್ತಿದ್ದ ಕಾಲವೊಂದಿತ್ತು. ಹೆರಿಗೆಗೆಂದು ಆಸ್ಪತ್ರೆಗೆ ಹೋಗಲು ಕಲಿತ ಮನೆಗಳು, ಹೆರಿಗೆ ಉಳಿಸಿಹೋದ ಬಾಧೆಗೆ ಹೋಗಲು ಇನ್ನೂ ಕಲಿಯಲಿಲ್ಲ. ವೈದ್ಯೆ ಪರೀಕ್ಷೆ ಮಾಡಿ ಎರಡು ದಾರಿಗಳನ್ನು ಹೇಳಿದರು. ಶಸ್ತ್ರಚಿಕಿತ್ಸೆ ಒಂದು. ಇನ್ನೊಂದು, ಪೆಸರಿ ಎಂಬ ಉಂಗುರ.

ಈ ಉಂಗುರದ ಕಥೆ ಬಹಳ ಹಳೆಯದು. ಪುರಾತನ ಗ್ರೀಸಿನ ವೈದ್ಯರು ಜಾರಿದ ಗರ್ಭಕೋಶವನ್ನು ಒಳಕ್ಕೆ ಸೇರಿಸಿ ಅರ್ಧ ದಾಳಿಂಬೆಯನ್ನು ಆಸರೆಯಾಗಿ ಇಡುತ್ತಿದ್ದರು. 1844ರಲ್ಲಿ ಗುಡ್‌ಇಯರ್ ಎಂಬಾತ ರಬ್ಬರಿಗೆ ಗಂಧಕ ಬೆರಸಿ ಕಾಯಿಸಿ ಗಟ್ಟಿಮಾಡುವ ವಿಧಾನಕ್ಕೆ ಪೇಟೆಂಟು ಪಡೆದ ಮೇಲೆ, ಫಿಲಡೆಲ್ಫಿಯದ ಹಾಡ್ಜ್ ಎಂಬ ವೈದ್ಯರು ಆ ರಬ್ಬರಿನಿಂದ ಬಾಗಿದ ಪೆಸರಿಗಳನ್ನು ಮಾಡಿಸಿದರು. ಈಗಿನದು ಮೆತ್ತನೆಯ ಸಿಲಿಕೋನಿನ ಬಳೆ. ಅಳತೆ ನೋಡಿ ವೈದ್ಯರು ಒಳಗೆ ಕೂರಿಸುತ್ತಾರೆ. ಸರಿಯಾಗಿ ಕೂತರೆ ಹಾಕಿಕೊಂಡಿರುವುದೇ ಮರೆತುಹೋಗುತ್ತದೆ. ಕಲಿತುಕೊಂಡರೆ ತಾವೇ ತೆಗೆದು ತೊಳೆದು ಮತ್ತೆ ಹಾಕಿಕೊಳ್ಳಬಹುದು. ಇಲ್ಲವೆ ಮೂರು ನಾಲ್ಕು ತಿಂಗಳಿಗೊಮ್ಮೆ ತೋರಿಸಿ ಬರಬೇಕು. ಮರೆತು ವರ್ಷಗಟ್ಟಲೆ ಬಿಟ್ಟರೆ ಹುಣ್ಣಾಗುವುದುಂಟು. ಉಂಗುರ ರೋಗವನ್ನು ಗುಣಪಡಿಸುವುದಿಲ್ಲ. ಊರುಗೋಲಿನಂತೆ ತಾಳಿ ಹಿಡಿಯುತ್ತದೆ, ಅಷ್ಟೆ. ಅನೇಕರಿಗೆ ಅಷ್ಟೇ ಸಾಕು. ಸಾಮಾನ್ಯ ಪ್ಲಾಸ್ಟಿಕ್ಕಿನದು ಕೆಲವು ನೂರು ರೂಪಾಯಿಗೂ ದೊರೆಯುತ್ತದೆ, ಸಿಲಿಕೋನಿನದು ಸಾವಿರಗಳಲ್ಲಿ.

ಆಕೆ ಉಂಗುರ ಹಾಕಿಸಿಕೊಂಡು ಆಸ್ಪತ್ರೆಯ ಓಣಿಯಲ್ಲಿ ನಾಲ್ಕು ಹೆಜ್ಜೆ ನಡೆದರು, ಮತ್ತೆ ನಾಲ್ಕು ಹೆಜ್ಜೆ ನಡೆದರು, ಕೊನೆಗೆ ಮೆಟ್ಟಿಲು ಹತ್ತಿ ಇಳಿದರು. "ಇಷ್ಟೇನಾ?" ಎಂದರಂತೆ. ಹನ್ನೊಂದು ವರ್ಷ ಮುಚ್ಚಿಟ್ಟ ಬಾಧೆಗೆ ಒಂದು ಬಳೆಯಷ್ಟೇ ಪರಿಹಾರವಾದಾಗ ಸಂತೋಷಕ್ಕಿಂತ ಮುಂಚೆ ಸಿಟ್ಟೇ ಬರುವುದು ಸಹಜ.

ತೆರಿಗೆಯ ಮಾತು ಬಂದದ್ದು ಆ ರಾತ್ರಿ, ಬಿಲ್ಲು ಯಜಮಾನರ ಕೈಗೆ ಬಂದಾಗ. "ಇದನ್ನು ಯಾವ ಬಾಬತ್ತಿಗೆ ಬರೆಯಲಿ?" ಎಂದು ಅವರು ಕೇಳಿದರು. "ಬರೆಯಲೇಬೇಡಿ. ಮಗ ಖಾತೆ ತೆಗೆದು ನೋಡಿದರೆ?" ಎಂದರು ಆಕೆ. ಮಗಳಿಗೆ ನಗುವೂ ಬಂತು, ರೇಗೂ ಹತ್ತಿತು. "ಅಪ್ಪಾ, ನನ್ನದನ್ನು ಅಮೆರಿಕದ ಸರ್ಕಾರವೇ ಬರೆದುಕೊಂಡಿದೆ. ನೀವು ನಿಮ್ಮ ಪುಸ್ತಕದಲ್ಲಿ ಬರೆಯೋಕ್ಕೆ ಹೆದರ್ತೀರಲ್ಲ!" ಎಂದಳು.

ಅವಳು ಹೇಳಿದ್ದು ಇದು. ಅಮೆರಿಕದಲ್ಲಿ ಆರೋಗ್ಯದ ಉಳಿತಾಯ ಖಾತೆಯೆಂಬುದೊಂದುಂಟು. 2003ರ ಕಾನೂನಿನಿಂದ ಹುಟ್ಟಿ 2004ರಲ್ಲಿ ಜಾರಿಗೆ ಬಂದದ್ದು. ಸಂಬಳದಿಂದ ತೆರಿಗೆ ಹಿಡಿಯುವುದಕ್ಕೆ ಮೊದಲೇ ಇಷ್ಟು ಹಣವನ್ನು ಆ ಖಾತೆಗೆ ತೆಗೆದಿಡಬಹುದು. 2025ರಲ್ಲಿ ಒಬ್ಬರಿಗೆ 4,300 ಡಾಲರು, ಕುಟುಂಬಕ್ಕೆ 8,550 ಡಾಲರು ಅದರ ಮಿತಿಯಾಗಿತ್ತು. ಅದರಿಂದ ಔಷಧೋಪಚಾರಕ್ಕೆ ವೆಚ್ಚ ಮಾಡಿದರೆ ಆ ಹಣಕ್ಕೆ ತೆರಿಗೆಯೇ ಇಲ್ಲ. ಅದಕ್ಕಿಂತ ಹಳೆಯದಾದ ಇನ್ನೊಂದು ಬಗೆಯ ಖಾತೆ ಧಣಿಗಳ ಮೂಲಕ ನಡೆಯುತ್ತದೆ. ಅದರಲ್ಲಿ ವರ್ಷದೊಳಗೆ ವೆಚ್ಚವಾಗದ ಹಣದ ಬಹುಪಾಲು ಕೈಬಿಟ್ಟುಹೋಗುವುದರಿಂದ ಡಿಸೆಂಬರು ಬಂದರೆ ಜನ ಕನ್ನಡಕದಂಗಡಿಗಳಿಗೆ ಮುತ್ತುತ್ತಾರೆ. ಪೆಸರಿಯಾಗಲಿ, ಮೂತ್ರ ಸೋರುವುದಕ್ಕೆ ಪರಿಹಾರವಾಗಿ ಆ ತಳದ ಸ್ನಾಯುಗಳನ್ನು ಪಳಗಿಸುವ ಉಪಕರಣವಾಗಲಿ, ಚಿಕಿತ್ಸೆಗೋಸ್ಕರವಾದರೆ ಈ ಖಾತೆಗಳಿಂದ ಕೊಳ್ಳಬಹುದು. ಕೆಲವಕ್ಕೆ ವೈದ್ಯರ ಪತ್ರ ಬೇಕಾಗುತ್ತದೆ. ಮಗಳು ಕೊಂಡದ್ದು ಅಂಥದೊಂದು ಉಪಕರಣ, ಇನ್ನೂರು ಡಾಲರಿನದು. ಸ್ನಾಯು ಎಷ್ಟು ಬಿಗಿಯಿತೆಂಬುದನ್ನು ಫೋನಿನಲ್ಲಿ ತೋರಿಸುತ್ತದೆ. ಇದರ ಮೂಲಪುರುಷ ಆರ್ನಾಲ್ಡ್ ಕೀಗಲ್ ಎಂಬ ಅಮೆರಿಕದ ವೈದ್ಯ. ಬಿಗಿತವನ್ನು ಅಳೆಯುವ ಯಂತ್ರವನ್ನೂ ಅದರೊಡನೆ ಮಾಡತಕ್ಕ ವ್ಯಾಯಾಮವನ್ನೂ 1948ರಲ್ಲಿ ಪ್ರಕಟಪಡಿಸಿದವರು. ವ್ಯಾಯಾಮಕ್ಕೆ ಯಂತ್ರ ಬೇಕೇಬೇಕೆಂದಿಲ್ಲ. ಕಲಿಸುವವರು ಇದ್ದರೆ ಕಾಸಿಲ್ಲದೆ ಆಗುತ್ತದೆ.

ಯಜಮಾನರು ಲೆಕ್ಕದವರು, ಅವರಿಗೆ ತಟ್ಟನೆ ಕುತೂಹಲ ಹುಟ್ಟಿತು. "ಅಂದರೆ ನಮ್ಮ ಹಳೆಯ ಹದಿನೈದು ಸಾವಿರದಂತೆ" ಎಂದರು. ಅದು ನಿಜವೇ. 2018ರ ವರೆಗೆ ಭಾರತದಲ್ಲಿಯೂ ಸಂಬಳಗಾರರಿಗೆ ಇಂಥದೊಂದು ಸೌಕರ್ಯವಿತ್ತು. ಕುಟುಂಬದ ಔಷಧದ ಬಿಲ್ಲುಗಳನ್ನು ಕಚೇರಿಗೆ ಒಪ್ಪಿಸಿದರೆ ವರ್ಷಕ್ಕೆ 15,000 ರೂಪಾಯಿಯ ವರೆಗೆ ಧಣಿಯು ತುಂಬಿಕೊಟ್ಟ ಹಣಕ್ಕೆ ತೆರಿಗೆ ಇರುತ್ತಿರಲಿಲ್ಲ. ಮಾರ್ಚಿ ತಿಂಗಳು ಬಂತೆಂದರೆ ಗುಮಾಸ್ತರ ಮೇಜಿನ ಮೇಲೆ ಬಿಲ್ಲುಗಳ ಜಾತ್ರೆ. ಔಷಧದಂಗಡಿಯ ಸ್ನೇಹಿತರ ಕೃಪೆಯಿಂದ ಇಲ್ಲದ ಕಾಯಿಲೆಗಳೂ ಆ ತಿಂಗಳಲ್ಲಿ ಬರುತ್ತಿದ್ದುವು. ಆ ವರ್ಷದ ಬಜೆಟ್ಟು ಅದನ್ನು ತೆಗೆದು, ಬಿಲ್ಲಿನ ಗೋಜಿಲ್ಲದ 40,000 ರೂಪಾಯಿಯ ಕಡಿತವನ್ನು ಕೊಟ್ಟಿತು. ಅನುಕೂಲವೇನೋ ಆಯಿತು. ಅವರು ಹಿಂದಿನ ವರ್ಷಗಳ ಕಡತವನ್ನು ಆ ರಾತ್ರಿಯೇ ತೆಗೆದು ನೋಡಿದರು. ಅವರಿಗೆ ಅದೊಂದು ಚಪಲ. ಹೆಂಡತಿಯ ಹೆಸರಿನ ಬಿಲ್ಲುಗಳು ಒಟ್ಟು ನಾಲ್ಕು. ನಾಲ್ಕೂ ಮಾರ್ಚಿಯವು, ನಾಲ್ಕೂ ಕೆಮ್ಮಿನ ಔಷಧದವು. ಆಕೆಗೆ ಕೆಮ್ಮು ಎಂದೂ ಇರಲಿಲ್ಲ.

ಈ ತೆರಿಗೆರಹಿತ ಖಾತೆಗಳನ್ನು ಸ್ವರ್ಗದಿಂದಿಳಿದ ವ್ಯವಸ್ಥೆಯೆಂದು ಹೊಗಳುವುದಕ್ಕೇನೂ ಇಲ್ಲ. ತೆರಿಗೆ ಹೆಚ್ಚು ಕಟ್ಟುವವನಿಗೆ ಉಳಿತಾಯ ಹೆಚ್ಚು, ಕಡಮೆ ಕಟ್ಟುವವನಿಗೆ ಕಡಮೆ, ಕಟ್ಟದವನಿಗೆ ಶೂನ್ಯ: ಬಡವರಿಗೆ ಇದರಿಂದ ಆಗುವ ಉಪಕಾರ ಅಷ್ಟೇ. ಆರೋಗ್ಯದ ಉಳಿತಾಯ ಖಾತೆ ತೆರೆಯಬೇಕಾದರೆ ಆ ನಾಡಿನಲ್ಲಿ ಮೊದಲ ಸಾವಿರಾರು ಡಾಲರುಗಳ ವೆಚ್ಚವನ್ನು ತಾನೇ ಹೊರುವ ಬಗೆಯ ವಿಮೆಯನ್ನು ಹಿಡಿದಿರಬೇಕು. ಆದರೂ ಅದರಲ್ಲಿ ಒಂದು ಗುಣ ಉಂಟು, ಅದು ಉಳಿದ ಡಾಲರುಗಳದಲ್ಲ. ಯಾವುದಕ್ಕೆ ವೆಚ್ಚ ಮಾಡಬಹುದೆಂಬ ಪಟ್ಟಿಯಲ್ಲಿ ಆ ವಸ್ತುವಿಗೆ ಸ್ಥಾನವಿದೆ. ಹೆಂಗಸೊಬ್ಬಳು ಮುಚ್ಚಿ ಕಟ್ಟಿಕೊಳ್ಳುತ್ತಿದ್ದುದನ್ನು ಸರ್ಕಾರದ ಕಾರಕೂನನು ಕನ್ನಡಕದ ಪಕ್ಕದಲ್ಲಿ ಯಾವ ಸಂಕೋಚವೂ ಇಲ್ಲದೆ ಬರೆದುಕೊಳ್ಳುತ್ತಾನೆ. ಅಲ್ಲಿಯೂ ಇದು ಮೊದಲಿನಿಂದ ಹೀಗಿರಲಿಲ್ಲ. ಮುಟ್ಟಿನ ಬಟ್ಟೆಯನ್ನು ಆ ಪಟ್ಟಿಗೆ ಸೇರಿಸಿದ್ದು 2020ರಲ್ಲಿ. ಭಾರತದಲ್ಲಿ ಅದರ ಮೇಲಿನ ಶೇಕಡಾ 12ರ ಜಿಎಸ್‌ಟಿಯನ್ನು ಪೂರ್ತಿ ತೆಗೆದದ್ದು ಅದಕ್ಕಿಂತ ಎರಡು ವರ್ಷ ಮುಂಚೆ, 2018ರ ಜುಲೈನಲ್ಲಿ. ಈ ಒಂದು ವಿಷಯದಲ್ಲಿ ಇಲ್ಲಿಯವರೇ ಮುಂದು.

ಪಟ್ಟಿಯಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ಅಂತರವೆಂಬುದು ಕರ್ನಾಟಕದಲ್ಲಿಯೇ ತಿಳಿಯುತ್ತದೆ. ಸಹಕಾರಿ ಸಂಘಗಳ ರೈತರಿಗೆಂದು 2003ರಲ್ಲಿ ನಡೆಯತೊಡಗಿದ ಯಶಸ್ವಿನಿ ಯೋಜನೆ ದೇಶಕ್ಕೇ ಮೇಲ್ಪಂಕ್ತಿಯಾದದ್ದು. ಮೊದಲಲ್ಲಿ ತಿಂಗಳಿಗೆ ಐದು ರೂಪಾಯಿ ಕೊಟ್ಟವನಿಗೆ ದೊಡ್ಡ ಶಸ್ತ್ರಚಿಕಿತ್ಸೆ ಉಚಿತವಾಗಿ ದೊರೆಯಿತು. 2018ರಲ್ಲಿ ನಿಂತುಹೋಗಿ 2022ರಲ್ಲಿ ಮರಳಿ ಆರಂಭವಾಯಿತು. ಆಗ ಹಳ್ಳಿಯ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ವಂತಿಗೆಯನ್ನು ಗೊತ್ತುಮಾಡಿದರು. ಉಪಕಾರ ದೊಡ್ಡದು, ಸಂದೇಹವಿಲ್ಲ. ಆದರೆ ಅದು ಹುಟ್ಟಿದ್ದು ಶಸ್ತ್ರಚಿಕಿತ್ಸೆಗೋಸ್ಕರ. ಗರ್ಭಕೋಶವನ್ನು ತೆಗೆಯುವುದಕ್ಕೆ ಅದರಲ್ಲಿ ಹಣ ಉಂಟು. ಗರ್ಭಕೋಶವನ್ನು ಆಸರೆ ಕೊಟ್ಟು ನಿಲ್ಲಿಸುವ ಉಂಗುರಕ್ಕೆ ಇಲ್ಲ. ಹಾಸಿಗೆ ಹಿಡಿದು ಮಲಗಿದವರ ಖರ್ಚನ್ನೇ ಕೊಡುವ ಬಹುಪಾಲು ವಿಮೆಗಳ ನಡತೆಯೂ ಇದೇ. ಕುಯ್ದರೆ ಕಾಸು, ಕಾಯ್ದರೆ ಇಲ್ಲ.

ಇದರ ಫಲ ಬರಿಯ ಅನ್ಯಾಯದಲ್ಲಿ ನಿಲ್ಲುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವರು ಗರ್ಭಕೋಶ ತೆಗೆಸಿಕೊಂಡವರು. ಅವರಲ್ಲಿ ಎಷ್ಟೋ ಜನರಿಗೆ ಅದು ಅವಶ್ಯವಾಗಿತ್ತು. ಆದರೆ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಎಳೆಯ ವಯಸ್ಸಿನ ಲಂಬಾಣಿ ಹೆಂಗಸರಿಗೂ ಅಗತ್ಯವಿಲ್ಲದೆ ಹೀಗೆ ಮಾಡಿದರೆಂಬ ದೂರು 2015ರ ಸುಮಾರಿಗೆ ವಿಚಾರಣೆಗೆ ಬಂತು. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳ ಇಂಥ ದೂರುಗಳನ್ನು ಹಿಡಿದು ವೈದ್ಯ ನರೇಂದ್ರ ಗುಪ್ತ ಅವರು ಸುಪ್ರೀಂ ಕೋರ್ಟಿಗೆ ಹೋದರು. ವಿಮೆಯ ಹಣಕ್ಕಾಗಿ ಗರ್ಭಕೋಶ ತೆಗೆದರೆಂಬುದು ಅಲ್ಲಿಯ ಆಪಾದನೆಗಳಲ್ಲಿ ಒಂದು. 2023ರ ಏಪ್ರಿಲ್ 5ರಂದು ಕೋರ್ಟು, ಕೇಂದ್ರ ಸರ್ಕಾರದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಂಗೀಕರಿಸಬೇಕೆಂದು ಆಜ್ಞೆ ಮಾಡಿತು. ನೆರೆಯ ನೇಪಾಳದಲ್ಲಿ ಇನ್ನೂ ಮೊದಲೇ, 2008ರಲ್ಲಿ, ಗರ್ಭಕೋಶ ಜಾರುವ ಬಾಧೆಯನ್ನು ಅಲಕ್ಷಿಸುವುದು ಹೆಂಗಸರ ಹಕ್ಕಿಗೇ ಧಕ್ಕೆಯೆಂದು ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪಿತ್ತಿತ್ತು. ಮನೆಯಲ್ಲಿ ಆಡಲು ನಾಚುವ ಮಾತನ್ನು ನ್ಯಾಯಾಧೀಶರು ಆಡಬೇಕಾಯಿತು.

ಅರಸೀಕೆರೆಯ ಮನೆಯ ಲೆಕ್ಕಕ್ಕೆ ಮರಳಬಹುದು. ಅರವತ್ತು ದಾಟಿದವರಿಗೆ ಆರೋಗ್ಯ ವಿಮೆ ಇಲ್ಲದಿದ್ದರೆ, ಅವರ ವೈದ್ಯಕೀಯ ವೆಚ್ಚವನ್ನು ವರ್ಷಕ್ಕೆ 50,000 ರೂಪಾಯಿಯ ವರೆಗೆ ತೆರಿಗೆಯ ಆದಾಯದಿಂದ ಕಳೆಯಲು 2018ರ ಬಜೆಟ್ಟು ಎಡೆಮಾಡಿಕೊಟ್ಟಿತು. ಅದು ಹಳೆಯ ಕಾನೂನಿನ 80ಡಿ ಎಂಬ ಕಲಮು. ಇದಕ್ಕೆ ಹಳೆಯ ಪದ್ಧತಿಯಲ್ಲೇ ತೆರಿಗೆ ಕಟ್ಟುತ್ತಿರಬೇಕು. ಹೊಸ ಪದ್ಧತಿಯಲ್ಲಿ ಈ ಕಡಿತ ಇಲ್ಲ. ವೈದ್ಯಕೀಯ ವೆಚ್ಚವೆಂದಷ್ಟೆ ಕಾನೂನು ಹೇಳುತ್ತದೆ, ಇಂಥ ವಸ್ತುವೆಂದು ಪಟ್ಟಿ ಕೊಡುವುದಿಲ್ಲ. ಆದಕಾರಣ ವೈದ್ಯೆಯ ಚೀಟಿಯೂ ಆಕೆಯ ಹೆಸರಿನ ರಸೀತಿಯೂ ಇದ್ದರೆ ಉಂಗುರವನ್ನು ಸೇರಿಸಲು ಅಡ್ಡಿಯಿಲ್ಲವೆಂದು ಯಜಮಾನರು ನಿರ್ಣಯಿಸಿದರು. ಶೇಕಡಾ ಇಪ್ಪತ್ತರ ಮೆಟ್ಟಿಲಿನಲ್ಲಿರುವವರಿಗೆ ಉಪಕರ ಸೇರಿ ನೂರಕ್ಕೆ ಇಪ್ಪತ್ತು ರೂಪಾಯಿ ಎಂಬತ್ತು ಪೈಸೆ ಉಳಿಯುತ್ತದೆ ಎಂದೂ ಲೆಕ್ಕ ಹಾಕಿದರು.

ಒಂದು ತೊಡಕು ಮಾತ್ರ ಉಳಿಯಿತು. ಈ ವೆಚ್ಚವನ್ನು ನಗದಾಗಿ ಕೊಡಕೂಡದು. ಚೆಕ್ಕಿನಿಂದಲೋ ಫೋನಿನಿಂದಲೋ ಕೊಟ್ಟರೆ ಮಾತ್ರ ಕಡಿತ. ಆಕೆಯಾದರೋ ಹಾಸನದಲ್ಲಿ ಸಾಸಿವೆಯ ಡಬ್ಬಿಯ ನೋಟುಗಳನ್ನೇ ಎಣಿಸಿ ಕೊಟ್ಟು ಬಂದಿದ್ದರು. ಹೆಂಗಸು ತನ್ನದೆಂದು ಕೂಡಿಸಿದ ಹಣ ಯಾವಾಗಲೂ ನಗದು. ಕಾನೂನಿನ ಕಣ್ಣಿಗೆ ಬೀಳುವುದು ನಗದಲ್ಲದ್ದು. ಕಳ್ಳಲೆಕ್ಕ ತಡೆಯಲು ಮಾಡಿದ ನಿಯಮವೆಂಬುದನ್ನು ಒಪ್ಪಬೇಕು, ಆ ಮಾರ್ಚಿಯ ಕೆಮ್ಮುಗಳನ್ನು ನೆನೆದರಂತೂ ಒಪ್ಪಲೇಬೇಕು. ಮುಂದಿನ ಪರೀಕ್ಷೆಯ ಹಣವನ್ನು ಆಕೆ ಡಬ್ಬಿಯಿಂದ ತೆಗೆದು ಯಜಮಾನರ ಮುಂದಿಟ್ಟರು. "ನೋಡಿ, ಇದು ನನ್ನ ದುಡ್ಡು. ನಿಮ್ಮ ಫೋನಿನಿಂದ ಕಟ್ಟಿ. ತೆರಿಗೆಯಲ್ಲಿ ಉಳಿದದ್ದು ಡಬ್ಬಿಗೆ ವಾಪಸು ಬರಬೇಕು." ಖಾತೆಯಲ್ಲಿ ಅದು "ಪೆಸರಿ, ಹಾಸನ" ಎಂದು ಪೂರ್ತಿ ಹೆಸರಿನಿಂದಲೇ ಏರಿತು. ಮಗ ನೋಡಿದನು, "ಇದೇನಪ್ಪಾ?" ಎಂದು ಕೇಳಿದನು, ಹೇಳಿದರು. ಅವನು ಸ್ವಲ್ಪ ಹೊತ್ತು ತಲೆ ತಗ್ಗಿಸಿಕೊಂಡಿದ್ದು, ಮರುತಿಂಗಳು ತನ್ನ ಹೆಂಡತಿಯನ್ನೂ ವೈದ್ಯರಿಗೆ ತೋರಿಸಿದನೆಂಬುದು ಬಳಿಕ ತಿಳಿಯಿತು.

ತೋಟದ ಕೆಲಸಕ್ಕೆ ಬರುವ ಹೆಂಗಸು ಹಳೇಬೀಡಿನ ಕಡೆಯ ಹಳ್ಳಿಯವಳು. ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾಳೆ. ಯಶಸ್ವಿನಿ ಕಾರ್ಡು ಉಂಟು. ಅಟ್ಟದಿಂದ ಕಾಯಿ ಇಳಿಸುತ್ತಿದ್ದಾಗ ಅವಳು ನಡುವಿಗೆ ಕೈಯಿಟ್ಟು ನಿಂತ ರೀತಿಯನ್ನು ಈಕೆ ಗುರುತಿಸಿದರು; ಹನ್ನೊಂದು ವರ್ಷ ತಾವೂ ಹಾಗೆಯೇ ನಿಂತವರಲ್ಲವೆ? ಒಳಗೆ ಕರೆದು ಕೇಳಿದರು, ಉಂಗುರದ ವಿಷಯ ಹೇಳಿದರು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಅಮ್ಮಾವ್ರೇ, ಆ ಬಳೆ ಕಾರ್ಡಿಗೆ ಬರ್ತದಾ?"

"ಬರೋಲ್ಲ ಕಣೇ."

"ಆಪರೇಷನ್ ಬರ್ತದಾ? ನಮ್ ವಾರಗಿತ್ತಿ ಮಾಡಿಸ್ಕಂಡ್ಲು."

"ಅದು ಬರುತ್ತೆ."

"ಹಂಗಾದ್ರೆ ಆಪರೇಷನ್ನೇ ಅಗ್ಗ ಆಯ್ತಲ್ಲ."

ಈ ಮಾತಿಗೆ ಯಜಮಾನರ ಖಾತೆಯಲ್ಲಿ ಉತ್ತರವಿರಲಿಲ್ಲ. ಅವಳ ಗಂಡನಿಗೆ ಇರುವುದು ಒಂದಿಷ್ಟು ಹೊಲ, ಹತ್ತು ತೆಂಗಿನ ಮರ. ಕೃಷಿಯ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲ. ಅವಳ ದುಡಿಮೆಯೆಲ್ಲ ತೆರಿಗೆಗೆ ಮೊದಲಿನದೇ. ಕಳೆಯುವುದಕ್ಕೆ ತೆರಿಗೆಯಿಲ್ಲದವಳಿಗೆ ಕಡಿತದಿಂದ ಆಗುವುದೇನು? ಅವಳಿಗೆ ಬೇಕಾದದ್ದು ಆ ಕಾರ್ಡಿನ ಪಟ್ಟಿಯಲ್ಲಿ ಒಂದು ಸಾಲು.

ಆ ಸಾಲು ಬರುವ ವರೆಗೆ ಕಾಯುವಂತಿರಲಿಲ್ಲ. ಆ ತಿಂಗಳ ಪರೀಕ್ಷೆಗೆ ಹಾಸನದ ಬಸ್ಸು ಹತ್ತಿದವರು ಇಬ್ಬರು. ವೈದ್ಯೆ ಅಳತೆ ನೋಡಿ, ಮೊದಲು ಎರಡು ವಾರ ಹಾಕಿ ನೋಡೋಣವೆಂದರು; ಭಾರ ಎತ್ತುವುದನ್ನು ಕಡಮೆ ಮಾಡಬೇಕೆಂದೂ ಹೇಳಿದರು. ಅದಕ್ಕೆ ಅವಳು ನಕ್ಕಳು. ಎರಡನೆಯ ಉಂಗುರದ ಹಣ ಡಬ್ಬಿಯಿಂದ ನೋಟುಗಳಾಗಿಯೇ ಹೋಯಿತು, ಯಾವ ಕಡಿತಕ್ಕೂ ಸಲ್ಲಲಿಲ್ಲ. ರಸೀತಿ ಬರೆಯುವ ಹುಡುಗ ಹೆಸರು ಯಾರದೆಂದು ಕೇಳಿದಾಗ, ತೋಟದ ಹೆಂಗಸು ಅಮ್ಮಾವ್ರ ಮುಖ ನೋಡಿದಳು, ಅವರು ಸುಮ್ಮನಿದ್ದರು. ಅವಳು ತನ್ನ ಹೆಸರನ್ನೂ ಗಂಡನ ಹೆಸರನ್ನೂ ಊರನ್ನೂ ಬಿಡಿಸಿ ಹೇಳಿ ಬರೆಸಿದಳು.